ಸೈನ್ಯಕ್ಕೆ ಸಾಮಾನು ಪಾಸು ಮಾಡಿದ್ದು

ಸರ್ಕಾರಿ ಖರೀದಿಯಲ್ಲಿ ತಮಾಷೆಗೆ ಬರಗಾಲ ಬಂದದ್ದನ್ನು ನಾನಂತೂ ಕಾಣೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಸೈನ್ಯಕ್ಕೆ ಸಾಮಾನು ಕೊಳ್ಳುವ ಆಫೀಸೊಂದರಲ್ಲಿ ನಾನು ಪರೀಕ್ಷಕ. ಬಂದ ಮಾಲು ನೋಡಿ 'ಪಾಸ್' ಎಂದು ಸಹಿ ಹಾಕುವುದು ನನ್ನ ಕೆಲಸ. ಆದರೆ ನಗುವಷ್ಟು ಧೈರ್ಯ ಇರಲಿಲ್ಲ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬೆಂಗಳೂರಿನ ಶ್ರೀನಗರದಲ್ಲಿ ನೋಡಿ ಒಪ್ಪಿದ್ದ ಹುಡುಗಿಯ ತಂದೆ, "ಮೊದ್ಲು ಪರ್ಮನೆಂಟ್ ಆಗ್ಲಿ, ಆಮೇಲೆ ಲಗ್ನಪತ್ರಿಕೆ" ಎಂದುಬಿಟ್ಟಿದ್ದರು. ಒಂದು ಸಹಿ ತಪ್ಪಿದರೆ ಕೆಲಸವೂ ಹೋಯಿತು, ಹುಡುಗಿಯೂ ಹೋದಳು.

೧. ಕಂಬಳಿ

ಸೇರಿದ ಹೊಸದರಲ್ಲೇ ಹೇಸರಗತ್ತೆಗಳಿಗೆ ಹೊದಿಸುವ ಕಂಬಳಿ ಲಾರಿಗಟ್ಟಲೆ ಬಂತು. ಕಂಬಳಿ ಹೋಗಬೇಕಾದ ದಳದಲ್ಲಿ ಹೇಸರಗತ್ತೆ ಹೋಗಿ ಜೀಪು ಬಂದು ಎಷ್ಟೋ ಕಾಲವಾಗಿತ್ತು. ಹೆದರುತ್ತಲೇ ನಮ್ಮ ಸಾಹೇಬರನ್ನು ಕೇಳಿದೆ.

"ಈ ವರ್ಷ ತಗೊಳ್ದಿದ್ರೆ ಮುಂದಿನ್ ವರ್ಷ ಗ್ರಾಂಟ್ ಕಟ್ ಮಾಡ್ತಾರೆ ಕಣಯ್ಯಾ."

"ಇಡಕ್ಕೆ ಜಾಗ ಇಲ್ವಲ್ಲ ಸಾರ್?"

"ವಸಂತಪುರದಲ್ಲಿ ಗೋಡೌನ್ ಬಾಡಿಗೆಗೆ ತಗೊಂಡಿದೀವಿ."

ಅಲ್ಲಿ ಇಲಿಗಳ ಕಾಟ. ಕಂಬಳಿ ಮುಚ್ಚಿಡಲು ಟಾರ್ಪಾಲಿಗೆ ಆರ್ಡರ್ ಹೋಯಿತು. ಹೇಸರಗತ್ತೆಗಳು ಸತ್ತು ಸ್ವರ್ಗ ಸೇರಿದರೂ ಅವುಗಳ ಚಳಿ ಮಾತ್ರ ನಮ್ಮ ಆಫೀಸನ್ನು ಬಿಡಲಿಲ್ಲ.

೨. ಹಿಮದ ಬೂಟು

ಆಮೇಲೆ ಬಂದದ್ದು ಹಿಮದಲ್ಲಿ ಹಾಕುವ ಬೂಟು. ಮಾಲು ಬಂದಿಳಿದ ಊರಿನಲ್ಲೇ ಪರೀಕ್ಷೆ ಆಗಬೇಕೆಂಬುದು ನಿಯಮ. ಬೆಂಗಳೂರಿನಲ್ಲಿ ಹಿಮ ಎಲ್ಲಿಂದ ತರೋಣ?

"ಜಯನಗರದಲ್ಲಿ ಐಸ್ ಡಿಪೋ ಇದೆಯಲ್ಲ, ಹೋಗಿ ನಿಂತ್ಕೋ" ಎಂದರು ಸಾಹೇಬರು.

ಮಟಮಟ ಮಧ್ಯಾಹ್ನ, ಡಿಪೋ ಮುಂದೆ ಐಸ್ ಗಡ್ಡೆಯ ಮೇಲೆ ಬೂಟು ಹಾಕಿಕೊಂಡು ನಿಂತೆ. ಹೂ ಮಾರುವಾಕೆ ಬುಟ್ಟಿ ಇಳಿಸಿ, "ಯಾವ ದೇವ್ರಿಗೆ ಹರಕೆ ಅಣ್ಣಾ?" ಎಂದಳು. ಉತ್ತರ ಹುಡುಕುವಷ್ಟರಲ್ಲಿ ತರಕಾರಿ ಚೀಲ ಹಿಡಿದು ಹುಡುಗಿಯ ತಂದೆಯೇ ಎದುರಾದರು.

"ಡ್ಯೂಟಿ ಸಾರ್" ಎಂದೆ.

ಅವರು ನನ್ನನ್ನೂ ಕಾಲಡಿ ಕರಗುತ್ತಿದ್ದ ಐಸನ್ನೂ ನೋಡಿದರು. "ಇದು ಪರ್ಮನೆಂಟ್ ಆಗುತ್ತೆ ಅಂತೀರಾ?"

೩. ಊಟದ ಡಬ್ಬಿ

ಬೊಮ್ಮನಹಳ್ಳಿಯ ಸಣ್ಣ ಕಾರ್ಖಾನೆಯೊಂದಕ್ಕೆ ಸೈನಿಕರ ಊಟದ ಡಬ್ಬಿಯ ಆರ್ಡರ್ ಸಿಕ್ಕಿತ್ತು. ನಾವು ತೋರಿಸಿದ ಮಾದರಿ ಡಬ್ಬಿಯ ಮುಚ್ಚಳಕ್ಕೆ ಅರಗಿನ ಸೀಲು. ಸೀಲು ಒಡೆದರೆ ಮಾದರಿಯೇ ರದ್ದು.

"ತೆಗೆದು ಒಳಗೆ ನೋಡ್ಬೋದಾ ಸಾರ್?" ಎಂದು ಕಾರ್ಖಾನೆಯ ಮಾಲೀಕರು ಕೇಳಿದರು.

"ಸೀಲ್ ಮುಟ್ಟಂಗಿಲ್ಲ. ಸ್ಯಾಂಪಲ್ ಥರಾನೇ ಮಾಡಿ" ಎಂದರು ಸಾಹೇಬರು.

ಮಾಲೀಕರೇ ಮುಂದೆ ನಿಂತು ಮಾಲು ಇಳಿಸಿದರು. ಒಂದು ಡಬ್ಬಿಯ ಮುಚ್ಚಳ ತಿರುಗಿಸಿದೆ, ಅಲುಗಲಿಲ್ಲ. ಇನ್ನೊಂದೂ ಅಷ್ಟೆ. ಸುತ್ತಲೂ ಗಟ್ಟಿಯಾಗಿ ಬೆಸುಗೆ ಹಾಕಿದ್ದರು.

"ಇದೇನ್ರೀ ಇದು?"

"ಸ್ಯಾಂಪಲ್ ಥರಾನೇ ಸಾರ್. ಅದೂ ತೆಗೆಯಕ್ಕೆ ಬರಲ್ವಲ್ಲ!"

ನನಗೆ ನಗು ಬರಲಿಲ್ಲ, ಭಯವಾಯಿತು. ಎಲ್ಲೋ ಬೆಟ್ಟದ ಮೇಲೆ ಹಸಿದ ಹುಡುಗನೊಬ್ಬ ಈ ಡಬ್ಬಿ ಹಿಡಿದು ಕೂರಬೇಕು, ಅದನ್ನು ಪಾಸ್ ಮಾಡಿದ ಕಾಗದದ ಕೆಳಗೆ ನನ್ನ ಸಹಿ. ಸಾಲದ್ದಕ್ಕೆ ಮರುದಿನವೇ ದುಂದುವೆಚ್ಚ ತಡೆಯುವ ಸಮಿತಿ ದೆಹಲಿಯಿಂದ ಬರುವುದಿತ್ತು.

"ಅವರು ಬರೋದ್ರೊಳಗೆ ಪಾಸ್ ಮಾಡ್ಬಿಡು" ಎಂದರು ಸಾಹೇಬರು.

ನಾನು ಸಹಿ ಹಾಕಲಿಲ್ಲ. ಮರುದಿನ, ಸಮಿತಿಯ ಹಿರಿಯರು ಮೈಸೂರಿನವರೇ ಎಂದು ತಿಳಿದು, ಧೈರ್ಯ ಮಾಡಿ ಅವರ ಮುಂದೆ ಡಬ್ಬಿ ಇಟ್ಟೆ. "ಇದನ್ನ ತಾವೇ ಒಂದ್ಸಲ ತೆಗೀರಿ ಸಾರ್."

ಅವರು ತಿರುಗಿಸಿದರು. ಮಂಡಿಗೆ ಒತ್ತಿ ಎಳೆದರು. ಮುಖ ಕೆಂಪೇರಿತು. ಸಾಹೇಬರು ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಹಿರಿಯರು ಉಸಿರು ಬಿಟ್ಟು, "ಈ ಹುಡುಗನ್ನ ಇವತ್ತೇ ಪರ್ಮನೆಂಟ್ ಮಾಡಿ" ಎಂದರು.

ಪ್ರಾಮಾಣಿಕತೆಗೆ ಈ ದೇಶದಲ್ಲಿ ಇನ್ನೂ ಬೆಲೆ ಇದೆಯಲ್ಲ ಎಂದು ಕಣ್ಣು ತುಂಬಿ ಬಂತು. ಕೈ ಮುಗಿದೆ.

ಅವರು ಸಾಹೇಬರ ಕಡೆ ತಿರುಗಿದರು. "ಇಷ್ಟೊಂದ್ ಡಬ್ಬಿ ವಾಪಸ್ ಮಾಡಿದ್ರೆ ದುಂದು ಆಗುತ್ತೆ. ಡಬ್ಬಿಗೊಂದು ಉಳಿ, ಒಂದು ಸುತ್ತಿಗೆ ತರಿಸ್ಬಿಡಿ. ಅಷ್ಟನ್ನೂ ಟೆಸ್ಟ್ ಮಾಡಕ್ಕೆ ಒಬ್ಬ ಬೇಕಲ್ಲ?"