ಕಿವಿರಾಯರಿಗೊಂದು ಉಡುಗೊರೆ

ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಳಿಗ್ಗೆ ಹತ್ತು ಗಂಟೆಗೆ ಲೈಬ್ರರಿಯಮ್ಮ ಗಂಡನ ಕೆಲಸದ ಚೀಲದಿಂದ ಶ್ರುತಿಕವೆಯನ್ನು ಕದ್ದರು. ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡನ ಜೇಬಿನಿಂದ ಒಂದು ಕರವಸ್ತ್ರವನ್ನೂ ಕೇಳದೆ ತೆಗೆದವರಲ್ಲ. ಆದರೆ ತಾಳ್ಮೆಗೂ ಒಂದು ತಳ ಇರುತ್ತದೆ. ಈ ವರ್ಷ ಅವರ ಕಾಲಿಗೆ ಆ ತಳ ತಾಗಿತ್ತು.

ಗಂಡ ಆ ಕವೆಯ, ಎಂದರೆ ಟ್ಯೂನಿಂಗ್ ಫೋರ್ಕಿನ, ನಾದ ಹಿಡಿದು ಪಿಯಾನೋಗಳಿಗೆ ಶ್ರುತಿ ಕೂಡಿಸುವವರು. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಕಿವಿರಾಯರು ಎಂದರೆ ಸಾಕು. ಮೂರನೇ ಮನೆಯಲ್ಲಿ ಚಮಚ ಬಿದ್ದರೆ ಅದು ಸ್ಟೀಲಿನದೋ ಹಿತ್ತಾಳೆಯದೋ ಎಂದು ಕೂತಲ್ಲಿಂದಲೇ ಹೇಳುವ ಕಿವಿ ಅದು. ಈ ಮದುವೆಗೆ ಅವರು ಒಪ್ಪಿದ್ದೂ ಕಿವಿಯ ಸಲಹೆಯ ಮೇಲೆಯೇ. ಹುಡುಗಿಗೆ ಲೈಬ್ರರಿಯಲ್ಲಿ ಕೆಲಸವಂತೆ, ಸದ್ದು ಮಾಡದೆ ಇದ್ದು ಅಭ್ಯಾಸ ಇರುತ್ತದೆ ಎಂದಿದ್ದರಂತೆ.

ಅಂಥವರಿಗೆ ವರ್ಷವರ್ಷವೂ ಕ್ರಿಸ್‌ಮಸ್ ಉಡುಗೊರೆ ಆರಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಕೈಗಡಿಯಾರ ಕೊಟ್ಟರೆ, ಪ್ರತಿ ಏಳನೇ ಟಿಕ್ಕು ಕುಂಟುತ್ತದೆ ಎಂದರು. ಬೂಟು ಕೊಟ್ಟರೆ, ಎಡಗಾಲಿನದು ಒಂದು ಶ್ರುತಿ, ಬಲಗಾಲಿನದು ಇನ್ನೊಂದು. ಇವೆರಡೂ ಜಗಳವಾಡಿಕೊಂಡು ಹೋಗುತ್ತವೆ, ಮಧ್ಯದಲ್ಲಿ ನಾನು ನಡೆಯಬೇಕು ಎಂದರು. ರೇಷ್ಮೆ ಅಂಗಿ ಕೂಡ ತೋಳು ಎತ್ತಿದಾಗ ಗೊಣಗುತ್ತಿತ್ತಂತೆ. ಕೆಟ್ಟ ಮಾತು ಆಡುವವರಲ್ಲ. ಉಡುಗೊರೆಯನ್ನು ಒಮ್ಮೆ ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ತೆರೆದು, “ಇರಲಿ” ಎನ್ನುತ್ತಿದ್ದರು. ಹನ್ನೊಂದು ಇರಲಿಗಳೂ ಬೀರುವಿನ ಮೇಲಿನ ಅರೆಯಲ್ಲಿ ಸಾಲಾಗಿ ಕೂತಿದ್ದವು. ಪ್ರತಿ ಕ್ರಿಸ್‌ಮಸ್ಸಿಗೂ ಬರುವ ನಾದಿನಿ ಆ ಅರೆಗೆ ‘ಇರಲಿ ಮ್ಯೂಸಿಯಂ’ ಎಂದು ಹೆಸರಿಟ್ಟಿದ್ದಳು. ಬಂದವರಿಗೆಲ್ಲ ತೋರಿಸುತ್ತಲೂ ಇದ್ದಳು.

ಲೈಬ್ರರಿಯಮ್ಮನಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಚೆನ್ನಾಗಿದೆ. ಅದು ನಾದಿನಿಯ ಎದುರಿಗೇ ಬರಬೇಕು.

ಇವತ್ತು ಮೂರೂವರೆಗೆ ನಾದಿನಿ ಬರುವವಳು. ನಾಲ್ಕಕ್ಕೆ ಕಿವಿರಾಯರು ಚರ್ಚಿಗೆ ಹೋಗಿ, ಸಂಜೆಯ ಹಾಡುಗಳಿಗೆ ಪಿಯಾನೋ ಒಮ್ಮೆ ಪರೀಕ್ಷಿಸಿ ಬರುವವರು. ದೊಡ್ಡ ಕೆಲಸವಿರುವ ದಿನ ಅವರು ಕಿವಿಗೆ ಉಪವಾಸ ಹಾಕುತ್ತಿದ್ದರು: ಎರಡೂ ಕಿವಿಗೆ ಹತ್ತಿ ತುರುಕಿ, ಕೋಣೆಯ ಬಾಗಿಲು ಹಾಕಿಕೊಂಡು ಮೂರು ಗಂಟೆಯವರೆಗೆ ಮಲಗುವುದು. ಲೈಬ್ರರಿಯಮ್ಮ ಎಣಿಕೆ ಹಾಕಿದ್ದು ಆ ಐದು ಗಂಟೆಗಳ ಮೇಲೆ. ಅವರು ತಪ್ಪು ಹುಡುಕುವ ಮೊದಲು ನಾನೇ ಅವರದೇ ಕವೆ ಹಿಡಿದು ಅಂಗಡಿಯಲ್ಲೇ ಹುಡುಕಿಬಿಟ್ಟರೆ? ಎರಡು ಕಾಲಿನ ಆ ಉಕ್ಕಿನ ಕಡ್ಡಿಯನ್ನು ಮಂಡಿಗೆ ಕುಟ್ಟಿ ಕಿವಿಗೆ ಹಿಡಿದರೆ ಜೇನಿನ ಎಳೆಯಂತೆ ಒಂದೇ ನಾದ ಬರುತ್ತದೆ. ಅದಕ್ಕೆ ಹೊಂದಿದ್ದು ಸರಿ, ಹೊಂದದ್ದು ತಪ್ಪು. ಹನ್ನೊಂದು ವರ್ಷ ನೋಡಿದ್ದೇನೆ, ಇದೇನು ಬ್ರಹ್ಮವಿದ್ಯೆಯೇ ಎಂದುಕೊಂಡರು.

ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ಇನ್ಶೂರೆನ್ಸಮ್ಮ ಹಿಡಿದರು. ಅವರು ಪಾಲಿಸಿ ಮಾರುವವರು. ಒಬ್ಬರು ಮೆಟ್ಟಿಲಿಳಿಯುವ ರೀತಿ ನೋಡಿಯೇ ಏನೋ ಅನಾಹುತವಿದೆ ಎಂದು ಮೂಸಿ ಹಿಡಿಯುತ್ತಿದ್ದರು. ವಿಷಯ ಕೇಳಿದ ಮೇಲೆ ಚಪ್ಪಲಿ ಬದಲಿಸಲೂ ಒಳಗೆ ಹೋಗಲಿಲ್ಲ.

“ಗಂಡಂದಿರ ಸಾಮಾನು ಒಬ್ಬೊಬ್ಬರೇ ಹೋಗಿ ತರಬಾರದು ಕಣ್ರೀ. ಸಾಕ್ಷಿ ಬೇಕಾಗುತ್ತೆ,” ಎಂದು ಜೊತೆಗೆ ಹೊರಟೇಬಿಟ್ಟರು.

ಮೂರಂತಸ್ತಿನ ದೊಡ್ಡ ಅಂಗಡಿಯಲ್ಲಿ ಮೊದಲು ಸಿಕ್ಕಿದ್ದು ಫ್ಲಾಸ್ಕು. ಲೈಬ್ರರಿಯಮ್ಮ ಕವೆಯನ್ನು ಮಂಡಿಗೆ ಕುಟ್ಟಿ, ಕಿವಿಗಿಟ್ಟು, ಇನ್ನೊಂದು ಕೈಯ ಉಗುರಿನಿಂದ ಫ್ಲಾಸ್ಕಿನ ಹೊಟ್ಟೆ ತಟ್ಟಿದರು. ಹೊಂದಲಿಲ್ಲ. ಹದಿನಾಲ್ಕನೆಯ ಫ್ಲಾಸ್ಕಿನ ಹೊತ್ತಿಗೆ ಮಾರುವವನು ಹತ್ತಿರ ಬಂದು, ಇದರೊಳಗೆ ಕಾಫಿ ಹಾಕುವುದು ಮೇಡಂ, ಬಾರಿಸುವುದಲ್ಲ ಎಂದು ಮೆಲ್ಲಗೆ ತಿಳಿಸಿದ. ಎರಡನೇ ಮಹಡಿಯಲ್ಲಿ ಆರಾಮಕುರ್ಚಿಗಳು. ಕಿರುಗುಟ್ಟುತ್ತವೆಯೋ ಎಂದು ನೋಡಲು ಲೈಬ್ರರಿಯಮ್ಮ ಒಂದೊಂದರಲ್ಲೂ ಆರಾರು ಸಲ ಕೂತು ಎದ್ದರು. ಐದು ಕುರ್ಚಿ ಮುಗಿಯುವಾಗ ಅವರ ಮಂಡಿಯೇ ಕಿರುಗುಟ್ಟತೊಡಗಿ, ಯಾವುದರ ಸದ್ದು ಯಾವುದೆಂದು ತಿಳಿಯದಾಯಿತು. ಯಾರೋ ಪುಣ್ಯಾತ್ಮರು ಬಂದು, ಈ ವ್ಯಾಯಾಮ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿದರೆ ಒಳ್ಳೆಯದು ಎಂದು ಹೇಳಿ ಹೋದರು.

ಮೂರನೇ ಮಹಡಿಯಲ್ಲಿ ಅಲಾರಾಂ ಗಡಿಯಾರಗಳಿದ್ದವು, ಇಪ್ಪತ್ತನಾಲ್ಕು. ಲೈಬ್ರರಿಯಮ್ಮ ಮೊದಲನೆಯದನ್ನು ಕೈಗೆತ್ತಿಕೊಂಡದ್ದೇ ಇನ್ಶೂರೆನ್ಸಮ್ಮನ ತಾಳ್ಮೆ ಮುಗಿಯಿತು.

“ಒಂದೊಂದೇ ಕೇಳ್ತಾ ಕೂತ್ರೆ ಕ್ರಿಸ್‌ಮಸ್ ಹೋಗಿ ಹೊಸ ವರ್ಷ ಬರುತ್ತೆ. ಎಲ್ಲ ಒಟ್ಟಿಗೆ ಬಾರಿಸೋಣ, ಸರಿಯಾದದ್ದು ತಾನಾಗಿ ಎದ್ದು ಕೇಳುತ್ತೆ.”

ಲೈಬ್ರರಿಯಮ್ಮ ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಆಕೆಯ ಹತ್ತು ಬೆರಳೂ ಕೆಲಸ ಮಾಡಿಯಾಗಿತ್ತು. ಹನ್ನೆರಡೂವರೆಗೆ ಸರಿಯಾಗಿ ಇಪ್ಪತ್ತನಾಲ್ಕು ಗಡಿಯಾರಗಳು ಒಟ್ಟಿಗೆ ಬಾಯಿಬಿಟ್ಟವು. ಪ್ರಳಯದ ದಿನ ಊದುವ ತುತ್ತೂರಿ ಇದಕ್ಕಿಂತ ಮೆತ್ತಗಿರಬಹುದು. ಕೆಳಗಿದ್ದ ವಾಚ್‌ಮನ್ ಬೆಂಕಿ ಬಿದ್ದಿದೆಯೆಂದು ದೊಡ್ಡ ಗಂಟೆಯನ್ನೂ ಹೊಡೆದ. ಮೂರೇ ನಿಮಿಷದಲ್ಲಿ ಇಡೀ ಅಂಗಡಿ ಬೀದಿಯಲ್ಲಿತ್ತು; ಒಂದು ಕಾಲಿಗೆ ಹೊಸ ಬೂಟು, ಇನ್ನೊಂದಕ್ಕೆ ಬರೀ ಕಾಲ್ಚೀಲ ಹಾಕಿದ್ದ ಒಬ್ಬರು ಎಲ್ಲರಿಗಿಂತ ಮುಂದಿದ್ದರು.

ಒಳಗೆ ಉಳಿದದ್ದು ಈ ಇಬ್ಬರೇ. ಮ್ಯಾನೇಜರು ಅವರನ್ನು ತನ್ನ ಕೋಣೆಗೆ ಕರೆಸಿ, ಮೇಜಿನ ಮೇಲೆ ಶ್ರುತಿಕವೆ ಇಡಿಸಿ, ಇದು ಯಾವ ಬೀಗ ತೆಗೆಯುವ ಸಾಧನ ಎಂದು ಕೇಳಿದರು. ಬದುಕೆಲ್ಲ ‘ಸದ್ದು ಮಾಡಬೇಡಿ’ ಎಂಬ ಹಲಗೆಯ ಕೆಳಗೆ ಕೂತಿದ್ದ ಲೈಬ್ರರಿಯಮ್ಮನಿಗೆ ನಾಲಿಗೆ ಹೊರಳಲಿಲ್ಲ. ಇನ್ಶೂರೆನ್ಸಮ್ಮನ ನಾಲಿಗೆಗೆ ಅಂಥ ತೊಂದರೆ ಇರಲಿಲ್ಲ.

“ಬೀಗ ಏನ್ರೀ ಬೀಗ? ಇವರು ನರದ ಡಾಕ್ಟರು. ಕಿವಿ, ಮಂಡಿ ಎರಡೂ ಇದರಲ್ಲೇ ನೋಡೋದು.”

ಮ್ಯಾನೇಜರ ಮುಖ ಥಟ್ಟನೆ ಬದಲಾಯಿತು. ಈ ಗಡಿಯಾರಗಳು ಹೊಡೆದುಕೊಂಡಾಗಿನಿಂದ ತನ್ನ ಎಡಗಿವಿಯಲ್ಲಿ ದುಂಬಿಯೊಂದು ಸೇರಿಕೊಂಡಿದೆ, ಸ್ವಲ್ಪ ನೋಡಬೇಕು ಎಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಲೈಬ್ರರಿಯಮ್ಮ ಕವೆ ಕುಟ್ಟಿ ಅವರ ಕಿವಿಗೆ ಹಿಡಿದರು. ಮ್ಯಾನೇಜರು ಕಣ್ಣು ಮುಚ್ಚಿದರು. ದುಂಬಿ ಹೋಯಿತಂತೆ. ಸುದ್ದಿ ಹರಡಲು ಎಷ್ಟು ಹೊತ್ತು? ಕೋಣೆಯ ಹೊರಗೆ ಕ್ಯಾಷಿಯರು, ಲಿಫ್ಟಿನವರು, ಫ್ಲಾಸ್ಕಿನವನು, ಬೆಂಕಿಯಿಂದ ಬದುಕಿ ಬಂದ ಗಿರಾಕಿಗಳು ಎಲ್ಲ ಸಾಲುಗಟ್ಟಿದರು. ಲೈಬ್ರರಿಯಮ್ಮ ಒಬ್ಬೊಬ್ಬರ ಮಂಡಿಗೂ ಕುಟ್ಟಿ, ಒಬ್ಬೊಬ್ಬರ ಕಿವಿಗೂ ಹಿಡಿದು, ತಲೆಯಾಡಿಸಿ ಕಳಿಸಿದರು. ಬಾಗಿಲಲ್ಲಿ ನಿಂತ ಇನ್ಶೂರೆನ್ಸಮ್ಮ, ಆರೋಗ್ಯ ನೀರ ಮೇಲಿನ ಗುಳ್ಳೆ ನೋಡಿ ಎಂದು ಪ್ರತಿಯೊಬ್ಬರ ಕೈಗೂ ತಮ್ಮ ಕಾರ್ಡು ತುರುಕಿದರು.

ಸಾಲು ಕರಗಿದಾಗ ಎರಡು ಗಂಟೆ ದಾಟಿತ್ತು. ಮ್ಯಾನೇಜರು ಕೃತಜ್ಞತೆಯಿಂದ ಉಬ್ಬಿ, ಡಾಕ್ಟರ ಸಾಧನ ಇಷ್ಟು ಕಪ್ಪಗಿರಬಾರದು ಎಂದು ಅದನ್ನು ಪಾಲಿಷ್ ಮಾರುವವನ ಕೈಗೆ ಕೊಟ್ಟರು. ಅವನೋ ವರ್ಷವಿಡೀ ತನ್ನ ಡಬ್ಬಿಯ ಮಹಿಮೆ ತೋರಿಸಲು ಕಾದಿದ್ದವನು. ಇಪ್ಪತ್ತು ವರ್ಷದ ತುಕ್ಕು, ಕೈಯ ಕಲೆ ಎಲ್ಲ ಹೋಗುವ ತನಕ ತಿಕ್ಕಿ, ಕನ್ನಡಿಯಂತೆ ಮಾಡಿ ತಂದುಕೊಟ್ಟ. ಆಮೇಲೆ ಮ್ಯಾನೇಜರು, ಡಾಕ್ಟರಮ್ಮ ಬಂದ ಕೆಲಸ ಏನೆಂದು ವಿಚಾರಿಸಿ, ಗಂಡನ ಕಿವಿಯ ಕತೆ ಕೇಳಿ, ಇಡೀ ದಿನದಲ್ಲಿ ಯಾರೂ ಆಡದ ಒಂದು ಬುದ್ಧಿಯ ಮಾತು ಆಡಿದರು. ಸದ್ದೇ ಮಾಡದ ವಸ್ತು ಕೊಟ್ಟರೆ ಅದರಲ್ಲಿ ಅಪಸ್ವರ ಎಲ್ಲಿಂದ ಬರಬೇಕು?

ಉಣ್ಣೆಯ ಮಫ್ಲರು! ಲೈಬ್ರರಿಯಮ್ಮ ಬೂದು ಬಣ್ಣದ್ದೊಂದನ್ನು ಕೊಡವಿದರು, ಹಿಂಡಿದರು, ಕಿವಿಗೆ ಸುತ್ತಿಕೊಂಡು ಕತ್ತು ತಿರುಗಿಸಿದರು. ಮೌನ. ತುಂಬಿದ ಲೈಬ್ರರಿಯಂಥ ಮೌನ. ಅವರಿಗೆ ಅಳು ಬರುವಷ್ಟು ಸಂತೋಷವಾಯಿತು. ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟು ಬಿಲ್ ಮಾಡಿಸಿದರು. ಪ್ಯಾಕಿಂಗ್ ಮೇಜಿನ ಹತ್ತಿರ ಇನ್ಶೂರೆನ್ಸಮ್ಮ ಗಡಿಯಾರ ತೋರಿಸಿ ಅವಸರಪಡಿಸುತ್ತಿದ್ದರು, ಮ್ಯಾನೇಜರು ಬಲಮಂಡಿಯ ಬಗ್ಗೆ ಇನ್ನೊಂದು ಸಂಶಯ ಕೇಳುತ್ತಿದ್ದರು, ಕಟ್ಟುವಾಕೆ ಕನ್ನಡಕದ ಮೇಲಿಂದ ನೋಡಿ “ಇದೇ ತಾನೇ ಮೇಡಂ?” ಎಂದರು. ಲೈಬ್ರರಿಯಮ್ಮ ಹಿಂತಿರುಗದೆಯೇ ಹೂಂ ಎಂದರು. ಕೆಂಪು ಕಾಗದ, ಬಂಗಾರದ ದಾರ, ಪೊಟ್ಟಣ ಕೈಗೆ ಬಂತು. ಇಬ್ಬರೂ ಓಡಿದರು.

ತಮ್ಮ ಬೀದಿಯ ತಿರುವಿನಲ್ಲಿ ಲೈಬ್ರರಿಯಮ್ಮ ಕೈಚೀಲದೊಳಗೆ ಕೈ ಹಾಕಿದರು. ಬಾಚಣಿಗೆ, ಕೀಲಿ, ಕರ್ಚೀಫು. ಕವೆ ಇಲ್ಲ. ಮತ್ತೆ ತಡಕಿದರು, ಚೀಲವನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದರು. ಅಂಗಡಿಗೆ ವಾಪಸು ಓಡೋಣವೆಂದರೆ ಅದು ಎರಡಕ್ಕೇ ಬಾಗಿಲು ಹಾಕಬೇಕಾಗಿದ್ದ ಅಂಗಡಿ. ಇವರಿಗಾಗಿಯೇ ತೆರೆದಿದ್ದವರು ಇಷ್ಟರಲ್ಲಿ ಮನೆ ಸೇರಿರುತ್ತಾರೆ. ಕವೆಗೇನಾದರೂ ವಿಮೆ ಇತ್ತೇ ಎಂದು ಇನ್ಶೂರೆನ್ಸಮ್ಮ ವಿಚಾರಿಸಿ, ಇಲ್ಲವೆಂದು ತಿಳಿದ ಮೇಲೆ ತಮ್ಮ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು.

ಒಳಗೆ ಕಿವಿರಾಯರು ಉಪವಾಸ ಮುಗಿಸಿ ಚೀಲವನ್ನು ನೆಲದ ಮೇಲೆ ಸುರಿದುಕೊಂಡು ಕೂತಿದ್ದರು. ಬೇಗನೆ ಬಂದಿದ್ದ ನಾದಿನಿ ಮಂಚದ ಕೆಳಗೆ ಅರ್ಧ ತೂರಿ ಹುಡುಕುತ್ತಿದ್ದಳು. ಕವೆಯಿಲ್ಲದೆ ಚರ್ಚಿಗೆ ಹೋಗುವುದು ಹೇಗೆ, ಇಪ್ಪತ್ತು ವರ್ಷದಲ್ಲಿ ಹೀಗಾದದ್ದಿಲ್ಲ, ಪಾದ್ರಿಗಳಿಗೆ ಏನು ಹೇಳಲಿ ಎಂದು ಕಿವಿರಾಯರು ಗೋಡೆಯನ್ನು ಕೇಳುತ್ತಿದ್ದರು. ನಿಜ ಹೇಳಿಬಿಡಬೇಕೆಂದು ಲೈಬ್ರರಿಯಮ್ಮ ಬಾಯಿ ತೆರೆದರು. ಬಾಯಿಗೆ ಮುಂಚೆ ಕೈ ಚಾಚಿತು. ನಾಳೆ ಕೊಡಬೇಕಾದ ಪೊಟ್ಟಣ ಅಂಗೈಯಲ್ಲಿತ್ತು.

“ಮೊದಲು ಇದನ್ನ ಬಿಚ್ಚಿ ನೋಡಿ. ಆಮೇಲೆ ಒಂದು ಮಾತು ಹೇಳೋದಿದೆ.”

ಕಿವಿರಾಯರು ನಿರಾಸೆಯಿಂದಲೇ ದಾರ ಎಳೆದರು. ನಾದಿನಿ ಮಂಚದ ಕೆಳಗಿಂದ ತಲೆ ಹೊರಗೆ ಹಾಕಿದಳು, ಮುಖದಲ್ಲಿ ಆಗಲೇ ಮ್ಯೂಸಿಯಮ್ಮಿನ ಹೊಸ ಸಾಮಾನಿಗೆ ಜಾಗ ಮಾಡಿದ ನಗು. ಕಾಗದ ಸರಿಯಿತು. ಒಳಗೆ ಹತ್ತಿಯ ಹಾಸಿಗೆಯ ಮೇಲೆ ಥಳಥಳ ಹೊಳೆಯುತ್ತ ಮಲಗಿತ್ತು, ಶ್ರುತಿಕವೆ.

ಲೈಬ್ರರಿಯಮ್ಮನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಬೂದು ಮಫ್ಲರು ಅಲ್ಲೇ ಬೆಚ್ಚಗೆ ಸುತ್ತಿಕೊಂಡಿತ್ತು.

ಕಿವಿರಾಯರು ಅದನ್ನು ಕೈಗೆತ್ತಿಕೊಂಡರು. ಕವೆಯನ್ನು ಮಂಡಿಗೆ ಕುಟ್ಟಿದರು, ಕಿವಿಗೆ ಹಿಡಿದರು, ಕಣ್ಣು ಮುಚ್ಚಿದರು. ನಾದ ಪೂರ್ತಿ ಆರುವವರೆಗೂ ತೆರೆಯಲಿಲ್ಲ. ತೆರೆದಾಗ ಅವು ಒದ್ದೆಯಾಗಿದ್ದವು.

“ಚೆನ್ನಾಗಿದೆ,” ಎಂದರು.

ನಾದಿನಿಯ ತಲೆ ಮಂಚದ ಪಟ್ಟಿಗೆ ಹೊಡೆಯಿತು.

“ಬಹಳ ಚೆನ್ನಾಗಿದೆ ಕಣೇ. ಇದಪ್ಪಾ ನಾದ ಅಂದ್ರೆ. ನನ್ನ ಹಳೇದು ಕೂದಲೆಳೆಯಷ್ಟು ಇಳಿದಿದೆ ಅಂತ ನನಗೆ ಬಹಳ ದಿನದಿಂದ ಗುಮಾನಿ ಇತ್ತು. ಇವತ್ತು ಗ್ಯಾರಂಟಿ ಆಯ್ತು. ಕಳೆದುಹೋಗಿದ್ದೇ ಒಳ್ಳೇದಾಯ್ತು ಬಿಡು.”

ನಾದಿನಿ ಎದ್ದು ಬಂದು ಅತ್ತಿಗೆಯ ಎರಡೂ ಕೈ ಹಿಡಿದು, ಗೆದ್ದುಬಿಟ್ಟಿರಿ ಎಂದಳು. ಲೈಬ್ರರಿಯಮ್ಮ ಹೇಳಬೇಕೆಂದಿದ್ದ ಒಂದು ಮಾತನ್ನು ಗುಟುಕು ನೀರಿನಂತೆ ನುಂಗಿದರು. ಗುಟುಕು ಕೆಳಗಿಳಿಯುವ ಮೊದಲೇ ಕಿವಿರಾಯರ ಮುಖ ಕಪ್ಪಿಟ್ಟಿತು.

“ಹಾಗಾದ್ರೆ,” ಎಂದರು ನಿಧಾನವಾಗಿ, “ಹಳೇದು ಹಿಡಿದು ನಾನು ಕೂಡಿಸಿದ ಪಿಯಾನೋಗಳೆಲ್ಲ ಸುಳ್ಳು ಹಾಡ್ತಿವೆ.”

ಊರಲ್ಲಿ ಅಂಥವು ನಲವತ್ತೇಳಿದ್ದವು. ಕಿವಿರಾಯರಿಗೆ ಕಿವಿ ಎಷ್ಟು ಸೂಕ್ಷ್ಮವೋ ಮನಸ್ಸಾಕ್ಷಿ ಅದಕ್ಕಿಂತ ಒಂದು ಕೈ ಮೇಲು. ಒಂದೊಂದು ಮನೆಗೂ ಹೋಗಿ, ತಪ್ಪಾಯಿತೆಂದು ಕೈಮುಗಿದು, ಎಲ್ಲವನ್ನೂ ಮೊದಲಿಂದ ಕೂಡಿಸಿ ಕೊಡುತ್ತೇನೆಂದು ಅಲ್ಲಿಯೇ ಶಪಥ ಮಾಡಿದರು. ದಿನಕ್ಕೆ ಐದಾದರೂ ಹತ್ತು ದಿನ. ನಿನಗೂ ಲೈಬ್ರರಿ ರಜೆ ಹತ್ತು ದಿನವೇ ಅಲ್ಲವೇ, ಚೀಲ ಹಿಡಿದುಕೋ, ಇಂಥ ಉಡುಗೊರೆ ಕೊಟ್ಟವಳು ಜೊತೆಗಿದ್ದರೇ ಚೆಂದ ಎಂದರು. ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ ಬಂದ ಎರಡನೆಯ ಮೆಚ್ಚುಗೆ ಅದು.

ನಾಲ್ಕು ಗಂಟೆಗೆ ಚರ್ಚಿನಲ್ಲಿ ಪಿಯಾನೋದ ಮುಚ್ಚಳ ತೆರೆಯಿತು. ಒಂದು ಕಡೆ ಪಾದ್ರಿಗಳು, ಒಂದು ಕಡೆ ನಾದಿನಿ, ನಡುವೆ ಚೀಲ ಹಿಡಿದ ಲೈಬ್ರರಿಯಮ್ಮ. ಹೋದ ತಿಂಗಳಷ್ಟೇ ಇದೇ ಕವೆ ಹಿಡಿದು ಕೂಡಿಸಿದ ಪಿಯಾನೋ. ಕಿವಿರಾಯರು ಕವೆ ಕುಟ್ಟಿ ಕಿವಿಗಿಟ್ಟು, ಇನ್ನೊಂದು ಕೈಯಿಂದ ಒಂದು ಸ್ವರದ ಮನೆ ಒತ್ತಿದರು. ಹುಳಿ ಕಚ್ಚಿದವರಂತೆ ಮುಖ ಹಿಂಡಿದರು.

“ಅಯ್ಯೋ, ಎಷ್ಟು ಇಳಿದುಬಿಟ್ಟಿದೆ ನೋಡು. ನಿನಗೂ ಕೇಳಿಸ್ತಾ?”

ಗಂಡ ಶ್ರುತಿಯ ವಿಷಯದಲ್ಲಿ ಹೆಂಡತಿಯ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ಲೈಬ್ರರಿಯಮ್ಮ ಪಾದ್ರಿಗಳನ್ನು ನೋಡಿದರು, ನಾದಿನಿಯನ್ನು ನೋಡಿದರು, ಶಿಲುಬೆಯ ಕಡೆ ಮಾತ್ರ ನೋಡಲಿಲ್ಲ. ಚೀಲದಿಂದ ತಂತಿ ಬಿಗಿಯುವ ಕೀಲಿಯನ್ನು ತೆಗೆದು ಗಂಡನ ಕೈಗಿಟ್ಟರು.

“ಕೇಳಿಸ್ತು ರೀ,” ಎಂದರು. “ತುಂಬಾನೇ ಇಳಿದಿದೆ.”