ಮಾಮಾನ ಕಿಟಕಿಗೆ ಯಾವ ಬಣ್ಣ?

ಗೋಕಾಕದ ಅಂಗಡಿಯಲ್ಲಿ ನಮ್ಮ ಅಕ್ಕ ಚಹಾ ಬರುವುದರೊಳಗೆ ಸೀರೆ ಆರಿಸಿ ಎದ್ದುಬಿಡುತ್ತಾಳೆ. ನಮ್ಮಲ್ಲಿ ಬಣ್ಣ ಆರಿಸಲು ತಿಂಗಳುಗಟ್ಟಲೆ ಕೂರುವವರು ಅವಳ ಗಂಡ! ಅಂಗಿಗಲ್ಲ, ಮನೆಯ ಗೋಡೆಗಂತೂ ಅಲ್ಲವೇ ಅಲ್ಲ (ಗೋಡೆಗೆ ಮದುವೆಯಲ್ಲಿ ಬಳಿದ ಸುಣ್ಣವೇ ಇನ್ನೂ ಇದೆ). ಕಂಪ್ಯೂಟರಿನ ಟರ್ಮಿನಲ್ ಎಂಬ ಕಿಟಕಿಗೆ! ಚಿತ್ರವಿಲ್ಲ, ಹಾಡಿಲ್ಲ, ಬರೀ ಅಕ್ಷರಗಳು ಸಾಲುಗಟ್ಟಿ ಓಡುವ ಆ ಕರಿ ಕಿಟಕಿ ಕಂಡರೆ ನಮಗೆ ಆಕಳಿಕೆ ಬರುತ್ತದೆ. ಅವರಿಗೆ ಹಸಿವೆಯೇ ಮರೆತುಹೋಗುತ್ತದೆ.

ನಾವೆಲ್ಲ ಅವರನ್ನು ಮಾಮಾ ಎನ್ನುತ್ತೇವೆ. ಹುಕ್ಕೇರಿ ಕಡೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು. ಹೊಸ ಶತಮಾನ ಶುರುವಾದ ಹೊಸತು. ಮೂಡಲಗಿಯಲ್ಲಿ ಮಾಸ್ತರನಾಗಿದ್ದ ನಾನು ಆಗಷ್ಟೇ ಮನೆಗೊಂದು ಕಂಪ್ಯೂಟರ್ ತಂದಿದ್ದೆ. ಅಕ್ಕನನ್ನು ನೋಡಲು ಬಂದ ಈ ವರ ಮೊದಲು ನೋಡಿದ್ದು ಅದನ್ನೇ! ಸೀದಾ ಹೋಗಿ ಕುಳಿತು, ನನಗೇ ಗೊತ್ತಿರದ ಕರಿ ಕಿಟಕಿಯೊಂದನ್ನು ಎಲ್ಲಿಂದಲೋ ತೆರೆದರು. ಉಪ್ಪಿಟ್ಟು ಆರಿತು. ಅಕ್ಕ ಚಹಾದ ತಾಟು ಹಿಡಿದು ನಿಂತೇ ಇದ್ದಳು.

"ಕನ್ಯಾ ನೋಡಾಕ ಬಂದೀವೋ, ಕಂಪ್ಯೂಟರ್ ನೋಡಾಕಲ್ಲ!" ಎಂದು ಅವರ ತಂದೆ ಹಲ್ಲು ಕಚ್ಚಿದರು.

"ತಡೀರಿ ಅಪ್ಪಾ, ಈ ಅಕ್ಷರ ಭಾಳ ಸಣ್ಣ ಅದಾವ. ಕಣ್ಣ ಹೋಗ್ತಾವ."

ನಾನಂತೂ ಈ ಸಂಬಂಧ ಮುರಿಯಿತು ಅಂದುಕೊಂಡೆ. ಅಕ್ಕ ಒಪ್ಪಿಬಿಟ್ಟಳು! ಯಾಕೆ ಎಂದರೆ, "ಅದರ ಮುಂದಿಂದ ಮ್ಯಾಲೆ ಎದ್ದರ ತಾನ, ಬ್ಯಾರೆ ಚಟ ಮಾಡೋದು?" ಎಂದಳು.

ಮದುವೆಯಾದ ಮೇಲೆ ಬಣ್ಣದ ಜೊತೆಗೆ ಕೀಲಿಮಣೆಯ ಕಾಟವೂ ಇದೆಯೆಂದು ಗೊತ್ತಾಯಿತು. ಯಾವ ಗುಂಡಿ ಒತ್ತಿದರೆ ಯಾವ ಕೆಲಸ ಆಗಬೇಕೆಂಬುದನ್ನು ಮಾಮಾ ತಮ್ಮ ಬೆರಳಿಗೆ ತಕ್ಕಂತೆ ಬದಲಿಸಿಕೊಂಡಿದ್ದರು. ಒಮ್ಮೆ ಅವರ ಮನೆಗೆ ಹೋದಾಗ, ಅದೇ ಕಿಟಕಿಯಲ್ಲಿ ಮಕ್ಕಳ ಇಂಗ್ಲಿಷ್ ಪ್ರಶ್ನೆಪತ್ರಿಕೆ ಟೈಪು ಮಾಡಿ, ಉಳಿಸಲೆಂದು ಗುಂಡಿ ಒತ್ತಿದೆ. ಮಾಮಾನ ರಾಜ್ಯದಲ್ಲಿ ಅದು ಕಿಟಕಿ ಮುಚ್ಚುವ ಗುಂಡಿ! ಪತ್ರಿಕೆ ಮಾಯ.

"ಮಾಮಾ, ಉಳಸು ಅಂದ್ರ ಅಳಸ್ತೈತಲ್ರಿ ನಿಮ್ಮ ಕಂಪ್ಯೂಟರ್!"

"ಉಳಸೋ ಗುಂಡಿ ಬ್ಯಾರೆ ಕಡೆ ಇಟ್ಟೇನಿ. ಹಳೇ ಜಾಗಾ ಕಿರಿಬೆರಳಿಗೆ ದೂರ ಆಗ್ತಿತ್ತು."

"ನಿಮ್ಮ ಕಿರಿಬೆರಳಿನ ಸಲುವಾಗಿ ನನ್ನ ಪೇಪರ್ ಹೋತು!"

"ಇನ್ನೊಮ್ಮೆ ಟೈಪ್ ಮಾಡು. ನಿನಗೂ ರೂಢಿ ಆಗ್ಲಿ."

ಹೀಗಿರುವಾಗ ನಮ್ಮ ಅಪ್ಪನಿಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಪಾಟಿಯ ಮೇಲೆ ಬರೆದು ತೋರಿಸೋಣವೆಂದರೆ ಅವ್ವನಿಗೆ ಓದು ಬಾರದು. ಅಪ್ಪ ತಾಟು ಬಡಿಯುವುದು, ಅವ್ವ ಒಲೆ ಬಿಟ್ಟು ಓಡಿ ಬರುವುದು, ಕೈಸನ್ನೆ ತಿಳಿಯದೆ ನೀರಿನ ಬದಲು ಚಾದರ ತರುವುದು, ಅಪ್ಪ ಸಿಟ್ಟಾಗುವುದು. ಆ ಸಿಟ್ಟಿಗೂ ದನಿಯಿಲ್ಲ. ನೋಡಲಾಗುತ್ತಿರಲಿಲ್ಲ.

ಮಾಮಾ ಬಂದು ಎರಡು ದಿನ ಕುಳಿತರು. ನನ್ನ ಕಂಪ್ಯೂಟರನ್ನು ಅಪ್ಪನ ಹಾಸಿಗೆಯ ಬಾಜೂಕ್ಕೆ, ಅಡುಗೆಮನೆಗೆ ಕಾಣುವಂತೆ ಇಟ್ಟರು. ಒಂದು ಗುಂಡಿ ಒತ್ತಿದರೆ ಕರಿ ಕಿಟಕಿ ಪೂರ್ತಿ ನೀಲಿ: ನೀರು ಬೇಕು. ಕೆಂಪು: ಈಗಲೇ ಬಾ. ಚಹಾಕ್ಕೆ ಚಹಾದ್ದೇ ಬಣ್ಣ ಬೇಕೆಂದು ಮಾಮಾನ ಹಟ. ಮಧ್ಯಾಹ್ನವೆಲ್ಲ ಕಲಸಿ ತೋರಿಸಿದರೆ ಅವ್ವ ಹೇಳಿದಳು: "ಇಷ್ಟ ಹಾಲು ಹಾಕಂಗಿಲ್ರಿ ಅಳಿಯಾರ, ನಮ್ಮನ್ಯಾಗ!"

ಅಪ್ಪ ಬೇಗ ಕಲಿತರು. ಸೊಳ್ಳೆ ಕಚ್ಚಿದರೂ ಕೆಂಪು! ಕರೆಂಟು ಹೋದಾಗ ಮಾತ್ರ ಮತ್ತೆ ತಾಟು.

ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕಿಟಕಿ ಇದ್ದಕ್ಕಿದ್ದಂತೆ ಅರಿಶಿನ ಬಣ್ಣಕ್ಕೆ ತಿರುಗಿತು.

"ಇದ್ಯಾವ ಹೊಸಾ ಬಣ್ಣೋ? ಏನ್ ಬೇಕಂತ ಅವರಿಗೆ?" ಎಂದಳು.

ನನಗೂ ಗೊತ್ತಿರಲಿಲ್ಲ. ಅಪ್ಪನ ಕಡೆ ನೋಡಿದರೆ ಅವರು ಗೋಡೆಯ ಕಡೆ ಮುಖ ಮಾಡಿದ್ದರು. ಮಾಮಾನಿಗೆ ಫೋನ್ ಹಚ್ಚಿದೆ.

"ಅದಾ? ಹ್ವಾದ ಸಲ ನಾ ಬಂದಾಗ ಮಾವಾರು ಪಾಟಿ ಮ್ಯಾಲ ಬರದ ತೋರ್ಸಿ ಹಾಕಿಸ್ಕೊಂಡಾರ. ಏನೂ ಬ್ಯಾಡ ಅವರಿಗೆ. 'ನೀ ಉಂಡಿ ಏನ?' ಅಂತ ಕೇಳಾಕತ್ತಾರ, ಅಷ್ಟ."

ಅವ್ವನಿಗೆ ಹೇಳಿದೆ. ದನಿ ಇದ್ದಾಗ ಅಪ್ಪ ಈ ಮಾತು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಆಮೇಲೆ ಒಲೆ ಆರಿಸಿ, ಎರಡು ತಾಟು ಊಟ ಹಚ್ಚಿಕೊಂಡು ಹೋಗಿ ಅಪ್ಪನ ಪಕ್ಕದಲ್ಲಿ ಕುಳಿತಳು.

ಫೋನಿನಲ್ಲಿ ಮಾಮಾ ಇನ್ನೂ ಇದ್ದರು.

"ಬಣ್ಣ ಜರಾ ಗಡದ್ ಆಗೇತಿ ಅನಸ್ತೈತಿ ನನಗ. ರವಿವಾರ ಬಂದು ತಿಳಿ ಮಾಡ್ಲೇನು?"

"ಬ್ಯಾಡ್ರಿ ಮಾಮಾ," ಎಂದೆ. "ಇದೊಂದು ಹಿಂಗ ಇರ್ಲಿ."