ಮೂಲೆಯಲ್ಲಿ ಕುಂತ ಯಜಮಾನರು

ಮನೆ ಖಾಲಿ ಮಾಡಿಸಲು ಹೋಗುವ ಅಮೀನನಿಗೆ ಫಜೀತಿ ತಪ್ಪಿದ್ದಲ್ಲ. ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲದಲ್ಲಿ ನಾನು ಅಲ್ಲಿನ ಮುನ್ಸೀಫ್ ಕೋರ್ಟಿನ ಅಮೀನ. ಬೈಗುಳ, ಪೊರಕೆ, ಸಗಣಿನೀರು ಎಲ್ಲ ಕಂಡವನು. ಆದರೆ ಕಾಮಗೆರೆಯ ಆ ಒಂದು ಮನೆ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ, ಜೊತೆಗೇ ನಗುವೂ ಬರುತ್ತದೆ.

ನೋಟೀಸು

ಒಬ್ಬ ಅಜ್ಜಿಯ ಗಂಡ ಅಡವಿಟ್ಟು ಸತ್ತಿದ್ದ ಮನೆ. ಕೋರ್ಟ್ ಹರಾಜಿನಲ್ಲಿ ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬ ಹಿಡಿದಿದ್ದ. ಒಳಗಿದ್ದವಳು ಅಜ್ಜಿ ಒಬ್ಬಳೇ. ಮಕ್ಕಳಿಲ್ಲ, ಹೋಗಲು ಬೇರೆ ದಿಕ್ಕಿಲ್ಲ. ತಮಟೆ ಹೊಡೆಸಿ, ಮನೆ ಬಿಡಬೇಕೆಂದು ಓದಿ ಹೇಳಿದೆ.

ಆಕೆ ರಾಗಿ ಕೇರುತ್ತಲೇ, "ನನ್ನೇನ್ ಕೇಳೀರಿ ಸಾ. ಯಜಮಾನ್ರು ಅಲ್ಲೇ ಕುಂತವ್ರೆ, ಅವ್ರಿಗೇ ಯೋಳಿ" ಎಂದು ಮೂಲೆ ತೋರಿಸಿದಳು.

ಮೂಲೆಯಲ್ಲಿ ಖಾಲಿ ಮಂಚ. ಅದರ ಮುಂದೆ ತಟ್ಟೆಯಲ್ಲಿ ಮುದ್ದೆ, ಇನ್ನೂ ಹಬೆಯಾಡುತ್ತಿತ್ತು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಮ್ಮ ಜವಾನ ಚಪ್ಪಲಿ ಕಳಚಿ, ನೋಟೀಸನ್ನು ಎರಡೂ ಕೈಯಲ್ಲಿ ಮಂಚದತ್ತ ನೀಡಿ, "ತಕಳಿ ಬುದ್ದಿ, ನಮ್ದೇನೂ ತಪ್ಪಿಲ್ಲ" ಅಂದ.

ಮಂಚ

ಗಡುವು ಮುಗಿಯಿತು. ಸಾಮಾನು ಹೊರಗೆ ಹಾಕಲು ಊರಿನ ಯಾವ ಆಳೂ ಬರಲಿಲ್ಲ. ವ್ಯಾಪಾರಿ ಮೈಸೂರು ಸೀಮೆಯ ಯಳಂದೂರಿನಿಂದ ನಾಲ್ವರನ್ನು ಕರೆತಂದ. ಪಾತ್ರೆ, ಒನಕೆ, ಗುಡಾಣ ಎಲ್ಲ ಬೀದಿಗೆ ಬಂತು. ಮಂಚ ಮಾತ್ರ ಏಳಲಿಲ್ಲ. ಬರೀ ಹಗ್ಗದ ಮಂಚ, ನಾಲ್ವರು ಹೆಗಲು ಕೊಟ್ಟರೂ ಅಲುಗಲಿಲ್ಲ.

ಅಜ್ಜಿ ಸೆರಗು ಸರಿಮಾಡಿಕೊಂಡು ಮೆತ್ತಗೆ, "ಎದ್ದೇಳಿ ಅತ್ಲಾಗೆ, ಕೋರ್ಟಿನೋರು ಬಂದವ್ರೆ" ಅಂದಳು.

ಈ ಸಲ ಮಂಚ ಎಷ್ಟು ಹಗುರವಾಗಿ ಬಂತೆಂದರೆ ನಾಲ್ವರೂ ಅಂಗಾತ ಬಿದ್ದರು. ಬಿದ್ದವರು ಎದ್ದು ಓಡಿದರು. ಕೂಲಿ ಕೇಳಲು ಇವತ್ತಿನವರೆಗೂ ಬಂದಿಲ್ಲ.

ಸ್ವಾಧೀನ

ಅಜ್ಜಿ ಬೀದಿಯಲ್ಲಿ ಒನಕೆಯ ಪಕ್ಕ ಕೂತಳು. ನಾನೇನು ಮಾಡಲಿ, ತಿನ್ನುವುದು ಕೋರ್ಟಿನ ಅನ್ನ. ವ್ಯಾಪಾರಿ ಹಾಲುಕ್ಕಿಸಲು ಅಯ್ನೋರನ್ನು ಕರೆತಂದಿದ್ದ. ಅವರು ಹೊಸ್ತಿಲಲ್ಲಿ ನಿಂತು, "ನಿಮ್ಮ ಯಜಮಾನ್ರು ಓಗಿದ್ದು ಯಾವ ನಕ್ಷತ್ರದಲ್ಲವ್ವಾ?" ಎಂದರು.

"ಧನಿಷ್ಠ."

ಅಯ್ನೋರು ಒಳಗಿಟ್ಟ ಕಾಲು ಹಿಂದೆ ತೆಗೆದರು. ನಮ್ಮ ಕಡೆ ಆ ನಕ್ಷತ್ರದ ಸಾವಾದರೆ ಬಾಗಿಲಿಗೆ ಮುಳ್ಳು ಹಾಕಿ, ಆರು ತಿಂಗಳು ಮನೆ ಬಿಡಬೇಕು. ಬಿಡದಿದ್ದರೆ ಸತ್ತವರೂ ಬಿಡುವುದಿಲ್ಲ. "ಮುಳ್ಳಾಕ್ನಿಲ್ವಾ?"

"ಮುಳ್ಳಾಕಿ ನಾನೆಲ್ಲಿಗೋಗ್ಲಿ? ಅವ್ರೂ ಇದ್ರು, ನಾನೂ ಇದ್ದೆ."

ಅಷ್ಟರಲ್ಲಿ ಖಾಲಿ ಮನೆಯೊಳಗೆ ಯಾರೋ ಕೆಮ್ಮಿದರು.

ವ್ಯಾಪಾರಿಯ ಮುಖ ಬಿಳಿಚಿತು. "ಅಜ್ಜಿ, ಕೈ ಮುಗೀತೀನಿ. ಓಗ್ವಾಗ ಅವ್ರನ್ನೂ ಕರ್ಕಂಡೋಗು."

ಅಜ್ಜಿ ನನ್ನ ಕಡೆ ತಿರುಗಿದಳು. "ಆರ್ಡರ್‌ನಲ್ಲಿ ಯಾರೆಸ್ರದೆ ಸಾ?"

"ನಿಂದೊಂದೇ ಕಣವ್ವಾ."

"ನಾನ್ ಬುಟ್ಟಾಯ್ತು. ಅವ್ರನ್ನ ಬುಡುಸ್ಬೇಕಾದ್ರೆ ಅವ್ರ ಮ್ಯಾಲೆ ಬ್ಯಾರೆ ಕೇಸಾಕಿ."

ವ್ಯಾಪಾರಿ ಬೀಗದಕೈ ತೆಗೆದು ಅವಳ ಮಡಿಲಿಗೆ ಹಾಕಿದ. "ನೀನೇ ಇದ್ಕೊ ತಾಯಿ. ಇರೋಗಂಟ ಇರು, ಬಾಡಿಗೆ ಬ್ಯಾಡ."

ಅಜ್ಜಿ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೇಳಿದಳು: "ಸರಿ. ಅವ್ರನ್ನ ನೋಡ್ಕಳಕೆ ತಿಂಗ್ಳಿಗೆ ಏನ್ ಕೊಡ್ತೀರಿ?"